ಬ್ಲೇಡಿನ ನೇರಕ್ಕೆ ನಿಲ್ಲಬೇಡಿ

ಪೆಟ್ರೋಲ್ ಕಟಿಂಗ್ ಮೆಷಿನ್ ಹಿಡಿದು ರಸ್ತೆ ಕೊಯ್ಯುವವನು ದೂರದಿಂದ ನೋಡುವವರಿಗೆ ಮಹಾ ಶೂರನಂತೆ ಕಾಣುತ್ತಾನೆ. ಹತ್ತಿರ ಬಂದು ನೋಡಿದರೆ ಹಿಟ್ಟಿನ ಗಿರಣಿಯಲ್ಲಿ ಬಿದ್ದು ಎದ್ದವನಂತಿರುತ್ತಾನೆ. ರೆಪ್ಪೆ, ಮೀಸೆ, ಕಿವಿಯೊಳಗಿನ ಕೂದಲು ಎಲ್ಲವೂ ಬೆಳ್ಳಗೆ. ಕೊಯಮತ್ತೂರು, ತಿರುಪ್ಪೂರು ಕಡೆ ಸುಮಾರು ಹದಿನೈದು ವರ್ಷ ನಾನು ಆ ವೇಷದಲ್ಲಿ ಓಡಾಡಿದ್ದೇನೆ. ಈಗ ಈ ಕೆಲಸಕ್ಕೆ ಬರುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಅಡಿ ಕೊಯ್ಯಬಹುದು? ಎಲ್ಲಿ ನಿಲ್ಲಬೇಕು ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ. ಕೇಳದಿದ್ದರೂ ಹೇಳುವುದು ಮುದುಕರ ಹಕ್ಕು. ಆದ್ದರಿಂದ ಬರೆಯುತ್ತಿದ್ದೇನೆ.

ಬರೆಯುವ ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಹಿರಿಯರು ಪಲ್ಲಡಂ ಪಕ್ಕದ ಹೊಲಗಳಿಗೆ ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನನಗೆ ಗೊತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಕಲಿಸಿದವಳು ನನ್ನ ಹೆಂಡತಿ ಪುಟ್ಟತಾಯಿ. ಅವಳು ಕೊಳ್ಳೇಗಾಲದ ಕಡೆಯವಳು, ಶಾಲೆಯಲ್ಲಿ ಕನ್ನಡ ಓದಿದವಳು. ನಾನು ಒಂದು ಒತ್ತಕ್ಷರ ಬಿಟ್ಟರೆ, "ಮೆಷಿನ್ನಿಗೆ ಗಾರ್ಡೇ ಹಾಕದೆ ಓಡಿಸ್ದೋರು ನೀವು, ಅಕ್ಷರಕ್ಕೆ ಒತ್ತು ಹಾಕ್ತೀರಾ?" ಅನ್ನುತ್ತಾಳೆ. ಹಾಗಾಗಿ ಇಲ್ಲಿ ಭಾಷೆ ಚೆನ್ನಾಗಿದ್ದರೆ ಅದು ಅವಳದು. ಪೆದ್ದುತನಗಳೆಲ್ಲ ನನ್ನವು.

ನನಗೆ ಮೆಷಿನ್ ಕಲಿಸಿದವರು ಆರುಮುಗಂ ಮೇಸ್ತ್ರಿ. ನೀರಿನ ಪೈಪು ಹಾಕುವ ಒಬ್ಬ ಗುತ್ತಿಗೆದಾರರ ಬಳಿ ಅವರು ಮೇಸ್ತ್ರಿ, ನಾನು ಉಳಿ ಸುತ್ತಿಗೆಯ ಕೂಲಿ. ಆಗೆಲ್ಲ ರಸ್ತೆಯನ್ನು ಕೈಯಿಂದಲೇ ಒಡೆಯುತ್ತಿದ್ದೆವು. ಒಂದಡಿ ಅಗಲ ಒಡೆಯಿರಿ ಎಂದರೆ ಎರಡಡಿ ಹಪ್ಪಳದ ಹಾಗೆ ಏಳುತ್ತಿತ್ತು. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಗುತ್ತಿಗೆದಾರರು ಒಂದು ಕಟಿಂಗ್ ಮೆಷಿನ್ ತಂದರು. ಮೇಸ್ತ್ರಿ ಅದನ್ನು ತಮ್ಮ ತಲೆಯ ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎತ್ತಿಕೊಂಡು ಬರುತ್ತಿದ್ದರು. ಅದು ಅಳುವುದು ಮಾತ್ರ ನಾಲ್ಕು ಬೀದಿಗೆ ಕೇಳುತ್ತಿತ್ತು.

ಮೇಸ್ತ್ರಿಗೆ ಕಿವಿ ಮಂದ. ಮೊದಲು ಕಂಪ್ರೆಸರ್ ಗಾಡಿಯ ಸದ್ದು, ಆಮೇಲೆ ಈ ಮೆಷಿನ್ನಿನ ಸದ್ದು. ಕಿವಿಗೆ ಅವರು ಏನನ್ನೂ ಹಾಕುತ್ತಿರಲಿಲ್ಲ. ನಾನೂ ಹಾಕುತ್ತಿರಲಿಲ್ಲ. "ಬಾಸ್ ಬೈಯೋದು ಕೇಳ್ಸಲ್ಲ, ಹೆಂಡ್ತಿ ಬೈಯೋದು ಕೇಳ್ಸಲ್ಲ. ನನ್ನಷ್ಟು ಪುಣ್ಯ ಮಾಡಿದವನು ಯಾರಿದಾನೆ ಕಣ್ಣು?" ಎಂದು ತಮಿಳಿನಲ್ಲಿ ನಗುತ್ತಿದ್ದರು. ಕೊಂಗು ಸೀಮೆಯಲ್ಲಿ ಪ್ರೀತಿ ಬಂದರೆ ಯಾರನ್ನಾದರೂ ಕಣ್ಣು ಅನ್ನುತ್ತಾರೆ. ಅವರ ತಮಿಳನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಸಲ ಮೆಷಿನ್ ನನ್ನ ಕೈಗೆ ಬಂದದ್ದು ತಿರುಪ್ಪೂರಿನಲ್ಲಿ, ಒಂದು ಬನಿಯನ್ ಅಂಗಡಿಯ ಮುಂದೆ. ಮೇಸ್ತ್ರಿ ಸುಣ್ಣದ ದಾರ ಎಳೆದು ಗೆರೆ ಹಾಕಿಕೊಟ್ಟರು. "ಮೊದಲು ಬರೀ ಒಂದು ಬೆರಳು ಆಳ. ಗೆರೆಯ ಕೊನೇವರೆಗೆ ಹೋಗು. ಆಮೇಲೆ ಅದೇ ಸಂದಿನಲ್ಲಿ ಮತ್ತೆ ಬಾ, ಇನ್ನೊಂದಿಷ್ಟು ಆಳ. ಆಮೇಲೆ ಮತ್ತೊಂದು ಸಲ," ಎಂದರು. ಅಂಗಡಿಯ ಮುಂದೆ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ನನ್ನ ಶೌರ್ಯಕ್ಕೆ ಮೂರು ಸಲ ಓಡಾಡುವುದು ಅವಮಾನ ಅನ್ನಿಸಿತು. ಒಂದೇ ಏಟಿಗೆ ಪೂರ್ತಿ ಆಳಕ್ಕೆ ಇಳಿಸಿದೆ.

ಆಳಕ್ಕಿಳಿದ ಬ್ಲೇಡು ಹಳಿಯ ಮೇಲಿನ ರೈಲಿನ ಹಾಗೆ. ಹಿಡಿದ ದಿಕ್ಕನ್ನು ಬಿಡುವುದಿಲ್ಲ. ನಾನು ಹಿಡಿದದ್ದು ತಪ್ಪು ದಿಕ್ಕು. ಎಡಕ್ಕೆ ತಿರುಗಿಸಲು ಹೋದರೆ ಮೆಷಿನ್ ಗೊರಗುಟ್ಟಿತು. ಎತ್ತಿ ಮತ್ತೆ ಇಟ್ಟೆ. ಮತ್ತೆ ಬಲಕ್ಕೆ. ಧೂಳು ಇಳಿದ ಮೇಲೆ ಅಂಗಡಿಯ ಯಜಮಾನರು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ನೊಯ್ಯಲ್ ನದೀನ ಬರೆದಿದ್ದೀರಿ. ಚೆನ್ನಾಗಿದೆಂಗ," ಅಂದರು, ಮಾತಿನ ಕೊನೆಗೆ ಕೊಂಗು ಮರ್ಯಾದೆಯ "ಂಗ" ಸೇರಿಸಿ. "ಒರತ್ತುಪಾಳ್ಯಂ ಡ್ಯಾಮ್ ಎಲ್ಲಿ ಬರುತ್ತೆ?"

ಮೇಸ್ತ್ರಿಗೆ ಆ ಮಾತು ಹೇಗೋ ಕೇಳಿಸಿತು. ಅವರಿಗೆ ಬೇಕಾದ ಮಾತು ಯಾವಾಗಲೂ ಕೇಳಿಸುತ್ತಿತ್ತು. ಆಮೇಲೆ ಒಂದು ವರ್ಷ ನನ್ನ ಹೆಸರು ನೊಯ್ಯಲ್ ಆಯಿತು.

ನಜ್ಮಾ ಮೇಡಂ ನಮ್ಮ ಸೈಟಿಗೆ ಬಂದ ದಿನವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ದಾವಣಗೆರೆಯ ಹುಡುಗಿ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿತ್ತೋ ಇಲ್ಲವೋ. ಸೈಟಿನ ಕೆಲಸವನ್ನೂ ಸುರಕ್ಷತೆಯನ್ನೂ ನೋಡಿಕೊಳ್ಳಲು ಗುತ್ತಿಗೆದಾರರು ಹೊಸದಾಗಿ ತೆಗೆದುಕೊಂಡಿದ್ದರು. ನಮಗೆ ಅದು ಗೊತ್ತಿರಲಿಲ್ಲ.

ಆ ದಿನ ನಾನು ಫುಟ್‌ಪಾತಿನ ಅಂಚುಗಲ್ಲು ಕೊಯ್ಯುತ್ತಿದ್ದೆ. ಬ್ಲೇಡಿನ ಮೇಲೆ ಅರ್ಧ ಮುಚ್ಚುವ ಲೋಹದ ಗಾರ್ಡ್ ಇರುತ್ತದಲ್ಲ, ಅದನ್ನು ನಾನು ಬಿಚ್ಚಿಟ್ಟು ತಿಂಗಳಾಗಿತ್ತು. ಅದಿದ್ದರೆ ಗೆರೆ ಕಾಣುವುದಿಲ್ಲ ಎಂಬುದು ನನ್ನ ವಾದ. ಕಲ್ಲಿನ ಹಿಂಬದಿಗೆ ಕೈ ಎಟಕಲಿಲ್ಲವೆಂದು ಬ್ಲೇಡಿನ ಮೇಲ್ತುದಿಯನ್ನು ಕಲ್ಲಿಗೆ ತಗುಲಿಸಿದೆ. ಬ್ಲೇಡಿನ ಕೆಳಭಾಗದಿಂದ ಕೊಯ್ಯುವವರೆಗೆ ಮೆಷಿನ್ ಸಾಧು ಪ್ರಾಣಿ. ಮೇಲ್ತುದಿ ಎಲ್ಲಾದರೂ ಕಚ್ಚಿಕೊಂಡಿತೋ, ಕತ್ತೆಯ ಹಾಗೆ ಒದೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನನ್ನ ಮುಖದ ಎತ್ತರಕ್ಕೆ ಎದ್ದು, ಬಲಗಿವಿಯ ಪಕ್ಕದಿಂದ ಹೋಯಿತು. ನಾನು ಬ್ಲೇಡಿನ ನೇರಕ್ಕೆ ನಿಂತಿರಲಿಲ್ಲ, ಒಂದು ಗೇಣು ಎಡಕ್ಕೆ ನಿಂತಿದ್ದೆ. ಜಾಣತನದಿಂದಲ್ಲ. ಬಲಗಡೆ ಒಂದು ಚರಂಡಿಯಿತ್ತು, ವಾಸನೆ ತಾಳಲಾರದೆ ಸರಿದಿದ್ದೆ.

ಹೆಬ್ಬೆರಳು ಸುತ್ತಿ ಹಿಡಿಯದೆ ಬರೀ ಬೆರಳು ಊರಿ ಹಿಡಿದಿದ್ದರಿಂದ ಮೆಷಿನ್ ಕೈತಪ್ಪಿತು. ನೆಲಕ್ಕೆ ಬಿತ್ತು. ಆಕ್ಸಿಲರೇಟರ್ ಬಿಟ್ಟರೂ ಬ್ಲೇಡು ಕೂಡಲೇ ನಿಲ್ಲುವುದಿಲ್ಲ. ಅದು ಹಂದಿಮರಿಯಂತೆ ರಸ್ತೆಯ ಮೇಲೆ ನಾಲ್ಕು ಹೆಜ್ಜೆ ಓಡಿ, ಆಗಷ್ಟೇ ಬಂದು ನಿಂತಿದ್ದ ಒಂದು ಮೊಪೆಡ್ಡಿನ ಮುಂದಿನ ಟೈರು ಕಚ್ಚಿತು. ಟೈರು ಉಸ್ಸೆಂದು ಕೂತಿತು. ಮೊಪೆಡ್ಡಿನ ಪಕ್ಕದಲ್ಲಿ ಹೆಲ್ಮೆಟ್ ತೆಗೆಯುತ್ತಾ ಒಬ್ಬ ಹುಡುಗಿ ನಿಂತಿದ್ದಳು.

ಅವಮಾನವಾದಾಗ ನನಗೆ ಕನ್ನಡ ಬರುತ್ತದೆ. ಸೈಟಿನಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ ಎಂಬ ಧೈರ್ಯ. "ಇಷ್ಟು ದೊಡ್ಡ ರೋಡಲ್ಲಿ ಇವಳಿಗೆ ಗಾಡಿ ನಿಲ್ಸಾಕೆ ಇಲ್ಲೇ ಎಡ ಸಿಕ್ತಾ?" ಎಂದು ಗೊಣಗಿದೆ. ಎಡ ಎಂದರೆ ಜಾಗ. ನಮ್ಮ ಮನೆಯ ಕನ್ನಡದಲ್ಲಿ ಇಂಥ ತಮಿಳು ಮಾತು ಬೇಕಾದಷ್ಟು.

"ಗಾಡಿ ಇಲ್ಲಿ ನಿಲ್ಲಿಸಿದ್ದು ನನ್ನ ತಪ್ಪೇ ಇರಬಹುದು," ಎಂದಳು ಆಕೆ, ಅಚ್ಚ ಕನ್ನಡದಲ್ಲಿ. "ಆದ್ರೆ ಮೆಷಿನ್‌ಗೆ ಗಾರ್ಡ್ ಯಾಕಿಲ್ಲ?"

ಭೂಮಿ ಬಾಯಿ ಬಿಡಲಿ ಎಂದು ಕೆಳಗೆ ನೋಡಿದೆ. ನಾನೇ ಕೊಯ್ದ ಸಂದು ಇತ್ತು, ಆದರೆ ಅದು ನನಗೆ ಸಾಲುವಷ್ಟು ಅಗಲವಿರಲಿಲ್ಲ.

"ಗಾರ್ಡು… ಊಟಕ್ಕೆ ಹೋಗಿದಾರೆ ಮೇಡಂ," ಎಂದೆ. ವಾಚ್‌ಮನ್ ವಿಷಯ ಕೇಳಿದಳೆಂದು ಅರ್ಥ ಮಾಡಿಕೊಂಡವನಂತೆ ನಟಿಸಿದೆ.

"ಅವರು ಊಟ ಮುಗಿಸಿ ಬರೋವರೆಗೆ ಮೆಷಿನ್ ಮುಟ್ಟಬೇಡಿ," ಎಂದು ಮೊಪೆಡ್ ತಳ್ಳಿಕೊಂಡು ಪಂಕ್ಚರ್ ಅಂಗಡಿ ಹುಡುಕಲು ಹೋದಳು. ಮೇಸ್ತ್ರಿಗೆ ಕನ್ನಡ ಬಾರದು. ಆದರೂ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅಂದಿನಿಂದ ಮೇಡಂ ರಾಜ್ಯಭಾರ. ಗಾರ್ಡ್ ಇಲ್ಲದೆ ಮೆಷಿನ್ ಶುರು ಮಾಡುವ ಹಾಗಿಲ್ಲ. ಕನ್ನಡಕ ಬೇಕು, ಕಿವಿಗೆ ಮುಚ್ಚಳ ಬೇಕು. ಕಾಂಕ್ರೀಟು ಕೊಯ್ಯುವಾಗ ಬ್ಲೇಡಿಗೆ ನೀರು ಬಿಡಬೇಕು, ಇಲ್ಲದಿದ್ದರೆ ಆ ಬಿಳಿ ಪುಡಿ ಪುಪ್ಪುಸದಲ್ಲಿ ಮನೆ ಕಟ್ಟುತ್ತದೆ. ಬಿಸಿ ಮೆಷಿನ್ನಿಗೆ ಪೆಟ್ರೋಲು ಹಾಕುವ ಹಾಗಿಲ್ಲ. ಕಬ್ಬಿಣ ಕೊಯ್ಯಲು ಬ್ಲೇಡಿನ ಬದಲು ಹಾಕುವ ವೀಲಿನ ಮೇಲೆ ಅಚ್ಚು ಹಾಕಿದ ವೇಗ ಮೆಷಿನ್ನಿನ ವೇಗಕ್ಕಿಂತ ಕಡಿಮೆ ಇದ್ದರೆ ಅದನ್ನು ಜೋಡಿಸುವ ಹಾಗಿಲ್ಲ. ನಾನು ಪ್ರತಿಯೊಂದಕ್ಕೂ "ಕೊಂಜ ನಿಲ್ಲಿ ಮೇಡಂ" ಎಂದು ವಾದಕ್ಕೆ ಇಳಿಯುತ್ತಿದ್ದೆ. ಕೊಂಜ ಎಂದರೆ ಸ್ವಲ್ಪ ಎಂದು ಆಕೆ ಒಂದೇ ದಿನದಲ್ಲಿ ಕಲಿತಳು. ಒಂದು ವಾರದ ಮೇಲೆ ದಾವಣಗೆರೆಯ ತಾಯಿಯ ಜೊತೆ ಫೋನಿನಲ್ಲಿ "ಕೊಂಜ ಇರಮ್ಮಾ" ಎನ್ನುವುದು ಕೇಳಿಸಿತು. ನನ್ನ ವಾದಗಳಿಂದ ಆದ ಒಂದೇ ಪರಿಣಾಮ ಅದು.

ಕಿವಿಯ ಮುಚ್ಚಳ ಮೇಸ್ತ್ರಿ ಹಾಕಲಿಲ್ಲ. "ಕಳ್ಳ ಹೋದ ಮೇಲೆ ಬೀಗ ಯಾಕೆ?" ಎಂದರು. ಅವರನ್ನು ನೋಡಿ ನಾನೂ ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತಿದ್ದೆ. ಮೇಡಂ ಬರುವುದು ಕಂಡಾಗ ಮಾತ್ರ ಕಿವಿಗೇರುತ್ತಿತ್ತು.

ಸೋಮನೂರಿನ ಪ್ರಸಂಗ ಇದಾದ ಮರುವರ್ಷದ್ದು. ಅಲ್ಲಿ ಸರಸ್ವತಿ ಅಕ್ಕ ಎಂಬವರ ಮಗ್ಗದ ಷೆಡ್ಡು. ಎಂಟು ಪವರ್‌ಲೂಮ್. ಗಂಡ ತೀರಿದ ಮೇಲೆ ಅವರೇ ನಡೆಸುತ್ತಿದ್ದರು. ಹಳೆಯ ಮಗ್ಗ ತೆಗೆದ ಜಾಗದಲ್ಲಿ ನೆಲದಿಂದ ನಾಲ್ಕು ಕಬ್ಬಿಣದ ಕಂಬಗಳು ಎದ್ದು ನಿಂತಿದ್ದವು. ಅವನ್ನು ನೆಲಮಟ್ಟಕ್ಕೆ ಕೊಯ್ದು ಕೊಡಬೇಕಿತ್ತು. ಕಾಂಕ್ರೀಟಿಗೆ ಡೈಮಂಡ್ ಬ್ಲೇಡು, ಕಬ್ಬಿಣಕ್ಕೆ ಕಪ್ಪು ಕಟಿಂಗ್ ವೀಲು. ಕಬ್ಬಿಣ ಕೊಯ್ದರೆ ದೀಪಾವಳಿಯ ಹೂಕುಂಡದಂತೆ ಕಿಡಿ ಸುರಿಯುತ್ತದೆ.

ಮಗ್ಗದ ಷೆಡ್ಡಿನಲ್ಲಿ ಹತ್ತಿಯ ನವಿರು ಎಲ್ಲೆಲ್ಲೂ ಇರುತ್ತದೆ. ನಾನು ಹೋದಾಗ ಅಕ್ಕ ಬೆಳಿಗ್ಗೆಯಿಂದ ಗುಡಿಸಿ, ನೆಲಕ್ಕೆ ನೀರು ಹೊಡೆದು, ನೂಲು ಸುತ್ತಿದ ಬೀಮುಗಳನ್ನೆಲ್ಲ ಒದ್ದೆ ಗೋಣಿಯಿಂದ ಮುಚ್ಚಿಸುತ್ತಿದ್ದರು. ಹನ್ನೊಂದು ಗಂಟೆಯಾದರೂ ಮುಗಿಯಲಿಲ್ಲ.

"ಅಕ್ಕಾ, ಮಗಳ ಮದುವೆಗೆ ಮನೆ ತೊಳೀತಿದ್ದೀರಾ?" ಎಂದು ಛೇಡಿಸಿದೆ.

"ಮದುವೆ ಆದ್ರೆ ನಿಲ್ಸಬಹುದು ತಮ್ಮಾ. ಬೆಂಕಿ ನಿಲ್ಸಕ್ಕಾಗುತ್ತಾ?" ಎಂದರು.

ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಕೊಯ್ದ ಮೇಲೆ ಒಂದು ಗಂಟೆ ಅಲ್ಲೇ ಕಾದು ನೋಡಬೇಕು ಎಂದು ಮೇಡಂ ಹೇಳಿ ಕಳಿಸಿದ್ದಳು. ಹೊಟ್ಟೆ ಹಸಿದಿತ್ತು. ಒಂದು ಗಂಟೆ ಎಂದರೆ ಹತ್ತು ನಿಮಿಷ ಎಂದು ನಾನೇ ತಿದ್ದುಪಡಿ ಮಾಡಿಕೊಂಡು ಮೆಷಿನ್ ಕಟ್ಟಿದೆ. ಅಕ್ಕ ನನಗೆಂದು ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದರು. ಕೈ ಚಾಚಿದೆ. ಅವರು ಕೊಡಲಿಲ್ಲ. ಮೂಗು ಮೇಲೆತ್ತಿ ನಿಂತರು.

"ಏನೋ ಕಮರು ವಾಸ್ನೆ," ಎಂದರು.

ಗೋಡೆಯ ಬುಡದಲ್ಲಿ, ಇಟ್ಟಿಗೆ ಬಿಟ್ಟುಕೊಂಡ ಒಂದು ಸಂದಿಯಿತ್ತು. ಎಷ್ಟು ವರ್ಷದ ನವಿರು ಅದರೊಳಗೆ ತುಂಬಿತ್ತೋ. ಒಂದು ಕಿಡಿ ಒಳಗೆ ಹೋಗಿ ಸದ್ದಿಲ್ಲದೆ ಊಟ ಮಾಡುತ್ತಾ ಕೂತಿತ್ತು. ಹೊಗೆ ದಾರದಷ್ಟು ಸಣ್ಣಗೆ ಬರುತ್ತಿತ್ತು. ಅದರಿಂದ ಮೂರು ಅಡಿಗೆ ನೂಲಿನ ರಾಶಿ. ನಾನು ನೀರಿನ ಬಕೆಟ್ಟಿಗೆ ಓಡುವಷ್ಟರಲ್ಲಿ ಅಕ್ಕ ಬಗ್ಗಿ, ಚೊಂಬಿನ ಮಜ್ಜಿಗೆಯನ್ನು ಪೂರ್ತಿ ಆ ಸಂದಿಗೆ ಸುರಿದರು. ಚುಯ್ ಎಂದಿತು. ಆಮೇಲೆ ಬಕೆಟ್ ನೀರು ಸುರಿದೆವು. ಸಂದಿಯನ್ನು ಕೆದಕಿ ಕರಿ ಹತ್ತಿಯೆಲ್ಲ ಹೊರಗೆಳೆದೆವು.

"ನಿಮಗೇಂತ ತಂದಿದ್ದು," ಎಂದರು ಅಕ್ಕ, ಖಾಲಿ ಚೊಂಬು ನೋಡುತ್ತಾ. "ಅದು ಕುಡಿದ್ಬಿಡ್ತು."

ನಕ್ಕೆವು. ಆದರೆ ನಗುವಾಗ ಅವರ ಕೈ ಆ ಎಂಟು ಮಗ್ಗಗಳ ಪೈಕಿ ಹತ್ತಿರದ ಒಂದನ್ನು ಹಿಡಿದುಕೊಂಡಿತ್ತು. ನಾನು ಅಂದು ಒಂದು ಗಂಟೆಯಲ್ಲ, ಎರಡು ಗಂಟೆ ಕೂತೆ. ಮಜ್ಜಿಗೆ ಮತ್ತೆ ಬಂತು.

ಇನ್ನು ವಾಲ್ಪಾರೈಯ ದಿನದ ವಿಷಯ. ಅದನ್ನು ನಗುತ್ತಾ ಹೇಳುವುದು ನನಗೆ ಸ್ವಲ್ಪ ಕಷ್ಟ.

ಮಳೆಗೆ ಘಾಟಿ ರಸ್ತೆಯ ಒಂದು ಅಂಚು ಕೊಚ್ಚಿಹೋಗಿತ್ತು. ಅಲ್ಲಿ ರಸ್ತೆಯಡಿಗೆ ಹೊಸ ಪೈಪು ಹಾಕಲು ನಾವು ಹೋಗಿದ್ದೆವು. ಮೇಸ್ತ್ರಿ, ಮೇಡಂ, ನಾನು, ಇಬ್ಬರು ಕೂಲಿಯವರು. ರಸ್ತೆಯ ಪಕ್ಕದಲ್ಲಿ ಮೋರಿಯ ಬಾಯಿಗೆ ಒಂದು ಕಲ್ಲಿನ ಗುಂಡಿ, ಆಳೆತ್ತರ. ಬೆಟ್ಟದ ನೀರು ಆ ಗುಂಡಿಗೆ ಬಿದ್ದು, ರಸ್ತೆಯಡಿಯ ಮೋರಿಯಿಂದ ಆಚೆಗೆ ಹೋಗಬೇಕು. ಕಸ ಹೋಗದಿರಲಿ ಎಂದು ಮೋರಿಯ ಬಾಯಿಗೆ ಎಷ್ಟೋ ಕಾಲದ ಕಬ್ಬಿಣದ ಸರಳುಗಳ ಜಾಲರಿ ನಿಲ್ಲಿಸಿದ್ದರು.

ಮಧ್ಯಾಹ್ನ ಮಳೆ ಮತ್ತೆ ಹಿಡಿಯಿತು. ಎಲೆ, ಕೊಂಬೆ ಬಂದು ಜಾಲರಿಗೆ ಕಟ್ಟಿಕೊಂಡವು. ಬಿಡಿಸಲು ಮೇಸ್ತ್ರಿ ತಾವೇ ಇಳಿದರು. ನಾನು ಮೇಲೆ ನಿಂತು ನೋಡುತ್ತಿದ್ದೆ. ಒಂದು ಸರಳು ಬುಡದಲ್ಲಿ ತುಕ್ಕು ಹಿಡಿದು ಅಲ್ಲಾಡುತ್ತಿರುವುದು ನನಗೆ ಕಂಡಿತು. ಅವರು ಅದಕ್ಕೇ ಕಾಲು ಕೊಟ್ಟು ಕೊಂಬೆ ಎಳೆಯಲು ಹೊರಟಿದ್ದರು.

"ಅಣ್ಣಾ, ಬೇಡ! ಕಾಲಿಡಬೇಡಿ!" ಎಂದು ಕೂಗಿದೆ.

ಮೂರು ಸಲ ಕೂಗಿದೆ. ಅವರಿಗೆ ಕೇಳಿಸಲಿಲ್ಲ.

ಸರಳು ಪಕ್ಕಕ್ಕೆ ಸರಿದು, ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಸರಳು ವಾಪಸು ಬಂದು ಕಚ್ಚಿಕೊಂಡಿತು. ನಾವು ಇಳಿದು ಎಳೆದೆವು. ಇಂಜಿನ್ ಆಯಿಲ್ ಸುರಿದು ಎಳೆದೆವು. ಹಾರೆ ಹಾಕಿ ಮೀಟಿದೆವು. ಮೇಲ್ತುದಿ ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಹೂತಿತ್ತು, ಕದಲಲಿಲ್ಲ. ಕಾಲು ಊದತೊಡಗಿತು. ಕಸ ಕಟ್ಟಿದ್ದರಿಂದ ಗುಂಡಿಯ ನೀರು ಮೇಸ್ತ್ರಿಯ ತೊಡೆಯವರೆಗೆ ಬಂದಿತ್ತು, ಏರುತ್ತಲೇ ಇತ್ತು.

"ಮೇಲ್ತುದಿ ಕೊಯ್ದರೆ ಸರಳನ್ನ ಬಗ್ಗಿಸಬಹುದು," ಎಂದಳು ಮೇಡಂ. "ನೀರು ಅಲ್ಲಿಗೆ ಮುಟ್ಟೋ ಮೊದಲು."

ವ್ಯಾನಿಗೆ ಓಡಿದೆ. ಕಬ್ಬಿಣದ ವೀಲುಗಳನ್ನು ಪೆಟ್ಟಿಗೆಯಲ್ಲಿ ಇಡಬೇಕಿತ್ತು. ನಾನು ವ್ಯಾನಿನ ನೆಲದ ಮೇಲೆ ಬಿಸಾಕಿದ್ದೆ. ಮಳೆ ನೀರು ಒಳಗೆ ಬಂದು ಎಲ್ಲವೂ ತೊಯ್ದು ಹೋಗಿದ್ದವು. ಒಂದನ್ನು ಒರೆಸಿ ಜೋಡಿಸಲು ಹೋದೆ. ಮೇಡಂ ಕೈ ಹಿಡಿದಳು.

"ನೆನೆದಿದ್ದು ಬೇಡ. ವೇಗ ಹಿಡಿದಾಗ ಒಡೆಯುತ್ತೆ. ಚೂರು ಗುಂಡಿನ ಹಾಗೆ ಬರುತ್ತೆ."

"ಮೇಡಂ, ನೀರು ಏರ್ತಾ ಇದೆ! ಬೇರೆ ಇಲ್ಲ!"

"ಕೊಂಜ ನಿಲ್ಲಿ," ಎಂದಳು. ತನ್ನ ಚೀಲದಿಂದ, ನಕ್ಷೆಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ವೀಲು ತೆಗೆದಳು. ಅಂಗಡಿಯಿಂದ ಮಾದರಿಗೆ ತಂದದ್ದಂತೆ. ಒಂದೇ ಒಂದು. ಬೆಳಕಿಗೆ ಹಿಡಿದು ಬಿರುಕಿಲ್ಲವೆಂದು ನೋಡಿದೆವು. ಜೋಡಿಸಿ, ಎಲ್ಲರಿಂದ ಆಚೆಗೆ ತಿರುಗಿಸಿ ಅರ್ಧ ನಿಮಿಷ ಖಾಲಿ ಓಡಿಸಿದೆ. ಆ ಅರ್ಧ ನಿಮಿಷದಷ್ಟು ದೀರ್ಘ ಕಾಲವನ್ನು ನಾನು ಮತ್ತೆ ಕಂಡಿಲ್ಲ.

ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತ್ತು. ಕಂಡಕ್ಟರೂ ನಾಲ್ಕು ಜನ ಪ್ರಯಾಣಿಕರೂ ಗುಂಡಿಯ ಮೇಲೆ ಟಾರ್ಪಾಲು ಎತ್ತಿ ಹಿಡಿದರು. ಎಸ್ಟೇಟಿನ ಲೈನು ಮನೆಗಳಿಂದ ಹೆಂಗಸರು ಓಡಿ ಬಂದು, ಚಹಾ ಸೊಪ್ಪಿನ ಚೀಲಗಳಿಗೆ ಮಣ್ಣು ತುಂಬಿ ಮೇಲಿನ ಚರಂಡಿಗೆ ಅಡ್ಡ ಇಡತೊಡಗಿದರು. ನೀರು ಏರುವುದು ನಿಧಾನವಾಯಿತು. ನಿಲ್ಲಲಿಲ್ಲ.

ಮೇಡಂ ಗುಂಡಿಗಿಳಿದು ಮೇಸ್ತ್ರಿಯನ್ನು ಹಿಂದಿನಿಂದ ತಬ್ಬಿ ಹಿಡಿದಳು. ನಾನೂ ಇಳಿದು ಇಬ್ಬರ ಮೇಲೂ ಒದ್ದೆ ಗೋಣಿ ಹೊದಿಸಿದೆ. ಕಿಡಿ ಅವರ ಕಡೆ ಹೋಗದಂತೆ ಗಾರ್ಡ್ ತಿರುಗಿಸಿದೆ. ವೀಲಿನ ನೇರಕ್ಕೆ ನಾನೂ ಇಲ್ಲ, ಅವರೂ ಇಲ್ಲ ಎಂದು ನೋಡಿಕೊಂಡೆ. ಕೊಯ್ಯಬೇಕಾದ ಜಾಗ ನನ್ನ ಎದೆಯ ಮಟ್ಟಕ್ಕಿತ್ತು. ನೀರು ಸೊಂಟಕ್ಕಿತ್ತು.

ಗೋಣಿಯ ಸಂದಿನಿಂದ ಮೇಸ್ತ್ರಿಯ ಒಂದು ಕಣ್ಣು ಕಾಣುತ್ತಿತ್ತು. ಮುಖ ಬೂದಿಯಾಗಿತ್ತು.

"ಕಣ್ಣು," ಎಂದರು. "ನನ್ನ ಕಾಲು ಬಿಟ್ಟು ಇನ್ನೇನು ಬೇಕಾದ್ರೂ ಕೊಯ್ಯಿ."

ಶುರು ಮಾಡಿದೆ. ಪೂರ್ತಿ ವೇಗ ಬಂದ ಮೇಲೆಯೇ ವೀಲನ್ನು ಸರಳಿಗೆ ಮುಟ್ಟಿಸಿದೆ. ಕಿಡಿ ಎದ್ದಿತು. ಎರಡು ಬೆರಳು ದಪ್ಪದ ಸರಳು. ಕಾಲು ಭಾಗ ಹೋಯಿತು. ಅರ್ಧ ಹೋಯಿತು. ಕಣ್ಣಿನ ತುದಿಯಲ್ಲಿ ನೀರು ಏರುವುದು ಕಾಣುತ್ತಿತ್ತು. ಅವಸರ ಬಂತು. ಮೈಭಾರ ಬಿಟ್ಟು ಒತ್ತಿದೆ. ಮೆಷಿನ್ನಿನ ದನಿ ಕೂಡಲೇ ಇಳಿಯಿತು. ಸರಳು ಒಳಗೊಳಗೇ ಬಾಗಿ, ಸಂದು ಮುಚ್ಚಿಕೊಂಡು ವೀಲನ್ನು ಹಿಡಿಯತೊಡಗಿತ್ತು. ಇನ್ನೊಂದು ಕ್ಷಣ ಒತ್ತಿದ್ದರೆ ವೀಲು ಒಡೆಯುತ್ತಿತ್ತು, ಇಲ್ಲವೇ ಮೆಷಿನ್ ಒದೆಯುತ್ತಿತ್ತು. ಆ ಗುಂಡಿಯಲ್ಲಿ ಒದ್ದರೆ ಸರಿಯಲು ಜಾಗವಿರಲಿಲ್ಲ. ಇದ್ದದ್ದು ಒಂದೇ ವೀಲು.

ಒತ್ತಡ ಬಿಟ್ಟೆ. ತಿರುಚದೆ, ಹೋದ ದಾರಿಯಲ್ಲೇ ನೇರ ಹಿಂದೆ ತೆಗೆದೆ. ಕೂಲಿಯವರಿಗೆ ಸನ್ನೆ ಮಾಡಿದೆ. ಒಬ್ಬ ಹಾರೆಯ ತುದಿ ತೂರಿಸಿ ಸರಳನ್ನು ನನ್ನ ಕಡೆಗೆ ಎಳೆದು ಹಿಡಿದ. ಸಂದು ಬಾಯಿ ತೆರೆಯಿತು. ಮತ್ತೆ ಇಟ್ಟೆ. ಈ ಸಲ ಮೆಷಿನ್ನಿನ ಭಾರವೇ ಕೊಯ್ಯಲಿ ಎಂದು ಬರೀ ಹಿಡಿದುಕೊಂಡೆ.

ಸರಳು ತುಂಡಾದಾಗ ಸದ್ದೇ ಆಗಲಿಲ್ಲ. ಮೆಷಿನ್ ಆಫ್ ಮಾಡಿ ಮೇಲೆ ಕೊಟ್ಟೆ. ಮೂವರು ಹಾರೆಗೆ ಬಿದ್ದರು. ಸರಳು ಬಾಗಿತು, ತುಕ್ಕು ಹಿಡಿದ ಬುಡ ಮುರಿಯಿತು. ಮೇಸ್ತ್ರಿಯ ಕಾಲು ಹೊರಗೆ ಬಂತು. ಹಿಂದೆಯೇ ಕಟ್ಟಿದ್ದ ಕಸವೆಲ್ಲ ಆ ಸಂದಿಯಿಂದ ನುಗ್ಗಿ ಹೋಗಿ, ಗುಂಡಿಯ ನೀರು ನಮ್ಮ ಕಣ್ಣೆದುರಿಗೇ ಇಳಿಯಿತು. ಮೇಡಂ ಗೋಡೆಗೆ ಒರಗಿ ಕೂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಕಿವಿ ಮುಚ್ಚಳ ಎಲ್ರೀ?" ಎಂದು ನನಗೆ ಬೈದಳು. ಅದು ಎಂದಿನಂತೆ ನನ್ನ ಕೊರಳಲ್ಲಿತ್ತು.

ಮೇಸ್ತ್ರಿಯನ್ನು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ನಲವತ್ತು ತಿರುವು ಇಳಿಸಿ ಪೊಳ್ಳಾಚಿಯ ಆಸ್ಪತ್ರೆಗೆ ಕರೆದೊಯ್ದೆವು. ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಕಾಲು ಉಳಿಯಿತು. ಕೆಲಸ ಉಳಿಯಲಿಲ್ಲ. ಅವರು ಪಲ್ಲಡಂನಲ್ಲಿ ಮಗಳ ಮನೆ ಸೇರಿ, ಅಳಿಯನ ಕೋಳಿ ಷೆಡ್ಡು ನೋಡಿಕೊಂಡು ಕೂತರು.

ಆ ದಿನದ ಮೇಲೆ ಕಿವಿ ಮುಚ್ಚದೆ ನಾನು ಮೆಷಿನ್ ಶುರು ಮಾಡಿದ್ದಿಲ್ಲ. ಆದರೂ ಅಷ್ಟರಲ್ಲಾಗಲೇ ಎಡಗಿವಿ ಅರ್ಧ ಹೋಗಿತ್ತು. ಪುಟ್ಟತಾಯಿ ಈಗ ಬಲಗಡೆ ಬಂದು ನಿಂತೇ ಬೈಯುತ್ತಾಳೆ.

ಮೂರು ಸಲ ಕೂಗಿದ್ದು ನನ್ನನ್ನು ಬಹಳ ದಿನ ಬಿಡಲಿಲ್ಲ. ಬುಡ ಅಲ್ಲಾಡುವುದನ್ನು ಕಂಡವನು ನಾನು. ಅವರಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದವನೂ ನಾನೇ. ಕೂಗುತ್ತಾ ನಿಲ್ಲುವ ಬದಲು ಹಾರಿ ಹೆಗಲು ಹಿಡಿಯಬಹುದಿತ್ತು. ನಾಲ್ಕು ತಿಂಗಳ ಮೇಲೆ ಇದನ್ನು ಹೇಳಿಬಿಡೋಣ ಎಂದು ಪಲ್ಲಡಂಗೆ ಹೋದೆ. ಮೇಸ್ತ್ರಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಕಿವಿ ಪೂರ್ತಿ ಹೋಗಿತ್ತು. ನಾನು ಹೇಳಿದ್ದನ್ನು ಮಗಳು ಅವರ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು. ಕೋಳಿಗಳೆಲ್ಲ ಬೆಚ್ಚಿದವು.

"ಕೂಗಿದ್ದೆಯಾ?" ಎಂದರು. "ಒಳ್ಳೇದಾಯ್ತು. ನಾನು ಇಷ್ಟು ದಿನ ನೀನು ಸುಮ್ಮನೆ ನಿಂತು ತಮಾಷೆ ನೋಡ್ತಿದ್ದೆ ಅಂದ್ಕೊಂಡಿದ್ದೆ."

ಅವರು ನನ್ನ ತೊಡೆ ತಟ್ಟಿದರು.

"ಗುಂಡಿಯಲ್ಲಿ ನಂಗೆ ತುಂಬ ಭಯ ಇತ್ತು ಕಣ್ಣು. ನೀನು ಮೆಷಿನ್ ಶುರು ಮಾಡಿದ ಮೇಲೆ ಹೋಯ್ತು. ಹೇಗೆ ಗೊತ್ತಾ? ಸದ್ದು ಕೇಳ್ತಿರಲಿಲ್ಲ. ಆದ್ರೆ ಸರಳು ನನ್ನ ಕಾಲಿಗೆ ಅಂಟಿಕೊಂಡಿತ್ತಲ್ಲ, ಅದರ ನಡುಕ ಮೂಳೆಗೇ ಬರ್ತಿತ್ತು. ನಡುವೆ ಒಂದು ಸಲ ಒತ್ತಿದೆ, ತಕ್ಷಣ ಬಿಟ್ಟೆ. ಅದೂ ತಿಳೀತು. ಉಳಿದಂತೆ ಒಂದೇ ಸಮ. ನಿನ್ನ ಕೈ ಒಂದು ಚೂರೂ ನಡುಗಲಿಲ್ಲ. ಇವನ ಕೈ ಹೀಗಿದ್ರೆ ನಾನ್ಯಾಕೆ ಹೆದರಬೇಕು ಅಂದ್ಕೊಂಡೆ."

"ಹೌದುಂಗ ಅಣ್ಣಾ," ಎಂದೆ.

ಮಗಳು ಅದನ್ನೂ ಅವರ ಕಿವಿಗೆ ಕೂಗಿ ಹೇಳಿದಳು. ಅಂದು ಗುಂಡಿಯಲ್ಲಿ ನನ್ನ ಕೈ ಮೊದಲಿಂದ ಕೊನೆಯವರೆಗೆ ಎಲೆಯ ಹಾಗೆ ನಡುಗುತ್ತಿತ್ತು. ಮೆಷಿನ್ ಅಷ್ಟು ಜೋರಾಗಿ ನಡುಗುವಾಗ ಅದನ್ನು ಹಿಡಿದ ಕೈಯ ನಡುಕ ಯಾರಿಗೂ ಗೊತ್ತಾಗುವುದಿಲ್ಲ.